ಹುಲ್ಲುಹಾಸು ಒಣಗುತ್ತಿರುವುದು ಬಿಸಿಲಿಗಲ್ಲ, ಬ್ಲೇಡಿಗೆ

ಪ್ರಶ್ನೆ: ಮನೆಯ ಮುಂದೆ ಸುಮಾರು 540 ಚದರ ಅಡಿಯಷ್ಟು ಹುಲ್ಲುಹಾಸು ಇದೆ. ಹಾಕಿಸಿ ಎರಡು ವರ್ಷವಾಯಿತು. ಸಣ್ಣ ಎಲೆಯ, ನೆಲದ ಮೇಲೆ ಬಳ್ಳಿಯಂತೆ ಹಬ್ಬುವ ಹುಲ್ಲು, ಹೆಸರು ಗೊತ್ತಿಲ್ಲ. ಮಳೆಗಾಲದಲ್ಲಿ ಚೆನ್ನಾಗಿರುತ್ತದೆ, ಬೇಸಿಗೆ ಬಂತೆಂದರೆ ಹಳದಿ. ಹುಲ್ಲು ಗಿಡ್ಡವಿದ್ದರೆ ನೀರು ಕಡಿಮೆ ಸಾಕಾಗುತ್ತದೆ ಎಂದುಕೊಂಡು ಯಂತ್ರವನ್ನು ತೀರಾ ಕೆಳಗಿನ ಹಂತದಲ್ಲಿಟ್ಟು ಮೂರು ವಾರಕ್ಕೊಮ್ಮೆ ಕತ್ತರಿಸುತ್ತೇನೆ. ದಿನವೂ ಸಂಜೆ ಪೈಪು ಹಿಡಿದು ಹತ್ತು ನಿಮಿಷ ನೀರು ಬಿಡುತ್ತೇನೆ. ಕಳೆದ ತಿಂಗಳು ಎರಡು ಕಿಲೊ ಯೂರಿಯಾ ಎರಚಿದೆ. ಹಸಿರಾಗುವುದಿರಲಿ, ಅಲ್ಲಲ್ಲಿ ಸುಟ್ಟಂತಾಯಿತು. ಕತ್ತರಿಸಿದ ಎರಡೇ ದಿನಕ್ಕೆ ಎಲೆಯ ತುದಿಗಳು ಬೆಳ್ಳಗಾಗುತ್ತವೆ. ಕತ್ತರಿಸಿದ ಹುಲ್ಲನ್ನು ಗುಡಿಸಬೇಡಿ, ಅಲ್ಲೇ ಬಿಡಿ ಎಂದು ನಮ್ಮ ಮಾವನವರು ಹೇಳುತ್ತಾರೆ. ನನಗೆ ಅದು ಕಸದಂತೆ ಕಾಣುತ್ತದೆ. ಎಲ್ಲವನ್ನೂ ಅಗೆದು ಹೊಸದಾಗಿ ಹಾಕಿಸುವುದು ಒಳ್ಳೆಯದೇ?

ಉತ್ತರ: ಅಗೆಯಬೇಡಿ. ಹೊಸ ಹುಲ್ಲು ಹಾಕಿಸಿ ಅದನ್ನೂ ಹೀಗೆಯೇ ನೋಡಿಕೊಂಡರೆ ಮುಂದಿನ ಬೇಸಿಗೆಗೆ ಇದೇ ಪ್ರಶ್ನೆಯನ್ನು ಮತ್ತೆ ಬರೆಯಬೇಕಾಗುತ್ತದೆ. ಮಳೆಗಾಲದಲ್ಲಿ ಚೆನ್ನಾಗಿರುತ್ತದೆ ಎಂದು ನೀವೇ ಹೇಳಿದ್ದೀರಿ. ಅಂದಮೇಲೆ ಹುಲ್ಲಿನ ತಳಿಯಲ್ಲಿ ಐಬಿಲ್ಲ, ಮಣ್ಣಿನಲ್ಲಿಯೂ ದೊಡ್ಡ ಐಬು ಇರಲಾರದು. ಬೇಸರ ಮಾಡಿಕೊಳ್ಳಬೇಡಿ, ನೀವು ಏನೂ ಮಾಡದೆ ಸುಮ್ಮನಿದ್ದಿದ್ದರೆ ಈ ಹುಲ್ಲು ಇಷ್ಟು ಸೊರಗುತ್ತಿರಲಿಲ್ಲ.

ಮೊದಲು ಒಂದು ಕೆಲಸ ಮಾಡಿ. ಹಳದಿ ಜಾಗದ ಅಂಚಿನಲ್ಲಿ, ಇನ್ನೂ ಅರೆಬರೆ ಹಸಿರಿರುವ ಕಡೆ, ಸಲಿಕೆಯನ್ನು ನೆಟ್ಟಗೆ ಒಂದು ಗೇಣು ಆಳಕ್ಕೆ ಇಳಿಸಿ. ನಾಲ್ಕು ಬೆರಳಿನ ಅಂತರದಲ್ಲಿ ಇನ್ನೊಮ್ಮೆ ಇಳಿಸಿ, ನಡುವಿನ ತುಂಡನ್ನು ಇಟ್ಟಿಗೆ ಎತ್ತಿದಂತೆ ಎತ್ತಿ ಬೆಳಕಿಗೆ ಹಿಡಿಯಿರಿ. ಮೇಲೆ ಎರಡು ಸೆಂಟಿಮೀಟರ್ ಕೂಳೆ ಕಾಣುತ್ತದೆ. ಅದರಲ್ಲಿ ಎಲೆ ಕಡಿಮೆ, ಒಣಹುಲ್ಲಿನ ಬಣ್ಣದ ಕಡ್ಡಿಯೇ ಹೆಚ್ಚು. ಅದರ ಕೆಳಗೆ ಬುಡದ ಗಂಟು, ಗಂಟಿನಿಂದ ಇಳಿದ ಬಿಳಿಯ ಎಳೆಗಳು. ಆ ಎಳೆಗಳು ಎಲ್ಲಿಯವರೆಗೆ ಇಳಿದಿವೆ ಎಂದು ಬೆರಳಿನಿಂದ ಮಣ್ಣು ಉದುರಿಸುತ್ತಾ ನೋಡಿ. ಮೂರು ಅಥವಾ ನಾಲ್ಕು ಸೆಂಟಿಮೀಟರಿನ ಆಚೆ ನಿಮಗೆ ಬೇರು ಸಿಗುವುದು ಅನುಮಾನ. ಅಲ್ಲಿಂದ ಕೆಳಗಿನ ಮಣ್ಣನ್ನು ಮುಟ್ಟಿ ನೋಡಿದರೆ ದಿನಾ ನೀರು ಬಿಟ್ಟ ನೆಲ ಎಂದು ನಂಬುವುದು ಕಷ್ಟವಾಗುತ್ತದೆ, ಅಷ್ಟು ಒಣಗಿರುತ್ತದೆ. ಅಂಗೈಯಲ್ಲಿರುವ ಆ ತುಂಡಿನಲ್ಲಿಯೇ ನಿಮ್ಮ ಮುಕ್ಕಾಲು ಪಾಲು ಉತ್ತರ ಇದೆ.

ಹುಲ್ಲು ತುದಿಯಿಂದ ಬೆಳೆಯುವುದಿಲ್ಲ, ಬುಡದಿಂದ ಬೆಳೆಯುತ್ತದೆ. ಬೇರೆ ಗಿಡದ ಕುಡಿ ಚಿವುಟಿದರೆ ಅದು ಕವಲೊಡೆಯಬೇಕು, ಇಲ್ಲವೇ ನಿಂತುಹೋಗಬೇಕು. ಹುಲ್ಲಿನ ಬೆಳೆಯುವ ಭಾಗ ನೆಲಕ್ಕೆ ಅಂಟಿಕೊಂಡಿರುವುದರಿಂದ ದನ ಮೇಯ್ದರೂ, ಯಂತ್ರ ಓಡಿಸಿದರೂ ಮತ್ತೆ ಮೇಲೇಳುತ್ತದೆ. ಈ ಉದಾರಗುಣವೇ ನಮಗೆ ಸಲಿಗೆ ಕೊಟ್ಟಿರುವುದು. ಕತ್ತರಿಸಿದರೂ ಬರುತ್ತದಲ್ಲ ಎಂದು ಬುಡದವರೆಗೂ ಬೋಳಿಸುತ್ತೇವೆ. ಆದರೆ ಎಲೆ ಎಂದರೆ ಅಲಂಕಾರವಲ್ಲ, ಬೇರಿಗೆ ಅನ್ನ ಬೇಯುವುದು ಎಲೆಯಲ್ಲಿ. ಎಲೆ ಹೋದೊಡನೆ ಹುಲ್ಲು ತನ್ನಲ್ಲಿ ಕೂಡಿಟ್ಟ ಸಕ್ಕರೆ, ಪಿಷ್ಟಗಳನ್ನೆಲ್ಲ ಹೊಸ ಎಲೆ ಹೊರಡಿಸುವುದಕ್ಕೇ ಸುರಿಯುತ್ತದೆ. ಬೇರಿನ ಪಾಲಿಗೆ ಏನೂ ಉಳಿಯುವುದಿಲ್ಲ. ಎಫ್. ಜೆ. ಕ್ರೈಡರ್ ಎಂಬ ಅಮೆರಿಕದ ವಿಜ್ಞಾನಿ ಹಲವು ಜಾತಿಯ ಹುಲ್ಲುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕತ್ತರಿಸಿ, ಬೇರಿಗೆ ಏನಾಗುತ್ತದೆ ಎಂದು ಅಳೆದು 1955ರಲ್ಲಿ ಪ್ರಕಟಿಸಿದರು. ಎಲೆಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗ ಒಮ್ಮೆಗೇ ಹೋದಾಗ ಬೇರಿನ ಬೆಳವಣಿಗೆ ನಿಂತುಬಿಡುತ್ತಿತ್ತು, ಅದೂ ಹಲವು ದಿನಗಳ ಕಾಲ. ಅದಕ್ಕಿಂತ ಕಡಿಮೆ ಕತ್ತರಿಸಿದಾಗ ಬೇರು ಹೆಚ್ಚುಕಡಿಮೆ ತನ್ನ ಪಾಡಿಗೆ ಬೆಳೆಯುತ್ತಿತ್ತು. ಒಮ್ಮೆಗೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎಂದು ನಾವೆಲ್ಲ ಹೇಳುವುದರ ಹಿಂದಿರುವ ತಿಳಿವಳಿಕೆ ಇದು.

ನಿಮ್ಮ ಲೆಕ್ಕ ನೋಡಿ. ಮೂರು ವಾರದಲ್ಲಿ ಹುಲ್ಲು ಆರು ಸೆಂಟಿಮೀಟರ್ ಎತ್ತರಕ್ಕೆ ಬಂತು ಎನ್ನೋಣ. ನೀವು ಎರಡಕ್ಕೆ ಇಳಿಸುತ್ತೀರಿ. ಮೂರರಲ್ಲಿ ಎರಡು ಪಾಲು ಹೋಯಿತು. ಬೇರು ನಿಂತಿತು. ಅದು ಸುಧಾರಿಸಿಕೊಂಡು ಕೆಳಗಿಳಿಯಲು ಶುರು ಮಾಡುವ ಹೊತ್ತಿಗೆ ನೀವು ಯಂತ್ರ ಹೊರತೆಗೆಯುತ್ತೀರಿ. ಮಳೆಗಾಲದಲ್ಲಿ ಮೂರು ಸೆಂಟಿಮೀಟರಿನ ಬೇರಿಗೂ ನೀರು ಸಿಗುತ್ತದೆ, ಆದ್ದರಿಂದ ತಪ್ಪು ಹೊರಬೀಳುವುದಿಲ್ಲ. ಬೇಸಿಗೆಯಲ್ಲಿ ಮೇಲಿನ ಮೂರು ಸೆಂಟಿಮೀಟರ್ ಮಣ್ಣು ಮಧ್ಯಾಹ್ನದೊಳಗೆ ಒಣಗುತ್ತದೆ.

ಹುಲ್ಲು ಗಿಡ್ಡವಿದ್ದರೆ ನೀರು ಕಡಿಮೆ ಸಾಕು ಎಂಬ ನಿಮ್ಮ ತರ್ಕ ಪೂರ್ತಿ ಸುಳ್ಳಲ್ಲ. ಎಲೆ ಕಡಿಮೆಯಾದರೆ ಎಲೆಯಿಂದ ಆವಿಯಾಗುವ ನೀರು ಕಡಿಮೆಯಾಗುತ್ತದೆ, ನಿಜ. ಆದರೆ ನೆಲಕ್ಕೆ ನೆರಳು ತಪ್ಪಿ ಮಣ್ಣು ಕಾಯುತ್ತದೆ, ಬೇರು ಮೋಟಾಗುತ್ತದೆ, ತೆರವಾದ ನೆಲಕ್ಕೆ ಬೆಳಕು ಬಿದ್ದು ಕಳೆಯ ಬೀಜ ಮೊಳೆಯುತ್ತದೆ. ಒಂದು ಕಡೆ ಉಳಿಸಿ ಮೂರು ಕಡೆ ಕಳೆದುಕೊಳ್ಳುವ ವ್ಯವಹಾರ.

ಹಾಗಾದರೆ ಎಷ್ಟು ಎತ್ತರ? ಅದು ಹುಲ್ಲಿನ ಜಾತಿಯ ಮೇಲೆ ಹೋಗುತ್ತದೆ. ನಿಮ್ಮ ವರ್ಣನೆ ನೋಡಿದರೆ ಅದು ಗರಿಕೆಯ ಬಳಗದ್ದು, ಇಲ್ಲವೇ ಜೋಯ್ಸಿಯಾ. ಎರಡೂ ಬಿಸಿಲುನಾಡಿನ ಹುಲ್ಲುಗಳು; 27ರಿಂದ 35 ಡಿಗ್ರಿ ಸೆಲ್ಸಿಯಸ್ ಅವುಗಳಿಗೆ ಹಿತವಾದ ಶಾಖ. ಬೇಸಿಗೆ ಅವುಗಳ ಬೆಳವಣಿಗೆಯ ಕಾಲವೇ ಹೊರತು ಕಷ್ಟಕಾಲವಲ್ಲ. ಸಡಿಲವಾದ ಆಳದ ಮಣ್ಣಿನಲ್ಲಿ ಗರಿಕೆಯ ಬೇರು ಒಂದು ಮೀಟರಿಗಿಂತ ಕೆಳಗೂ ಇಳಿಯಬಲ್ಲದು. ಇವಕ್ಕೆ 2.5ರಿಂದ 5 ಸೆಂಟಿಮೀಟರ್ ಎತ್ತರ ಸರಿ, ಬೇಸಿಗೆಯಲ್ಲಿ ಮೇಲಿನ ತುದಿಗೆ ಹತ್ತಿರವಿದ್ದರೆ ಒಳ್ಳೆಯದು. ನಿಮಗೆ ನಾಲ್ಕು ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಅಗಲ ಎಲೆಯ, ದಪ್ಪ ಬಳ್ಳಿಯ ಸೇಂಟ್ ಅಗಸ್ಟೀನ್ ಹುಲ್ಲಾದರೆ 7ರಿಂದ 10 ಸೆಂಟಿಮೀಟರ್ ಬೇಕು. ತಂಪು ಹವೆಯಲ್ಲಿ ಬೆಳೆಸುವ ಟಾಲ್ ಫೆಸ್ಕ್ಯೂ, ಕೆಂಟಕಿ ಬ್ಲೂಗ್ರಾಸ್ ಇಟ್ಟುಕೊಂಡವರು ಬೇಸಿಗೆಯಲ್ಲಿ 8 ಸೆಂಟಿಮೀಟರಿಗಿಂತ ಕೆಳಗೆ ಹೋಗದಿರುವುದು ಕ್ಷೇಮ; ಅವುಗಳಿಗೆ 15ರಿಂದ 24 ಡಿಗ್ರಿ ಹಿತ, ಉಳಿದದ್ದೆಲ್ಲ ಸಹಿಸಿಕೊಳ್ಳುವಿಕೆ.

ನಾಲ್ಕು ಸೆಂಟಿಮೀಟರ್ ಉಳಿಸಬೇಕೆಂದರೆ ಆರಕ್ಕೆ ಬಂದಾಗ ಕತ್ತರಿಸಬೇಕು. ಉಳಿಸಬೇಕಾದ ಎತ್ತರದ ಒಂದೂವರೆ ಪಟ್ಟು ಎಂದು ನೆನಪಿಟ್ಟುಕೊಂಡರೆ ಮೂರನೇ ಒಂದು ಭಾಗದ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ. ಇದಕ್ಕೆ ಕ್ಯಾಲೆಂಡರ್ ಬೇಡ, ಅಡಿಕೋಲು ಸಾಕು. ನೀರು, ಗೊಬ್ಬರ ಸರಿಯಾಗಿ ಸಿಕ್ಕುವ ಗರಿಕೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಮಟ್ಟ ಮುಟ್ಟುತ್ತದೆ. ನೀರು ಕಡಿಮೆಯಾದರೆ ಎರಡು ವಾರವಾದರೂ ಮುಟ್ಟುವುದಿಲ್ಲ, ಆಗ ಯಂತ್ರ ತೆಗೆಯುವ ಅಗತ್ಯವೂ ಇಲ್ಲ.

ಊರಿಗೆ ಹೋಗಿ ಬರುವಷ್ಟರಲ್ಲಿ ಒಂಬತ್ತು ಸೆಂಟಿಮೀಟರ್ ಬೆಳೆದಿದ್ದರೆ ಒಂದೇ ದಿನ ನಾಲ್ಕಕ್ಕೆ ಇಳಿಸಬೇಡಿ. ಮೊದಲು ಆರಕ್ಕೆ, ಮೂರು ನಾಲ್ಕು ದಿನ ಬಿಟ್ಟು ನಾಲ್ಕಕ್ಕೆ. ಈ ಮಾತನ್ನು ನಾನು ದುಡ್ಡು ತೆತ್ತು ಕಲಿತಿದ್ದೇನೆ. ಕೆಲಸಕ್ಕೆ ಹೊಸಬನಾಗಿದ್ದಾಗ ಒಬ್ಬರ ಮನೆಯ ಸಮಾರಂಭಕ್ಕೆ ಮುನ್ನಾದಿನ ಮೊಣಕಾಲು ಮುಟ್ಟುವಂತಿದ್ದ ಹುಲ್ಲನ್ನು ಒಂದೇ ಉಸಿರಿಗೆ ನುಣ್ಣಗೆ ಬೋಳಿಸಿದೆ. ಸಂಜೆಗೆ ಅಂಗಳ ಅಚ್ಚುಕಟ್ಟಾಗಿತ್ತು. ಮರುದಿನ ಅತಿಥಿಗಳು ಬಂದಾಗ ತೆಂಗಿನ ನಾರಿನ ಚಾಪೆ ಹಾಸಿದಂತಿತ್ತು. ಅದು ಮತ್ತೆ ಹಸಿರಾಗಲು ಐದು ವಾರ ಹಿಡಿಯಿತು, ಅಷ್ಟೂ ದಿನ ನೀರಿನ ಖರ್ಚು ನನ್ನದು.

ಯಂತ್ರದ ಮೇಲೆ 1, 2, 3 ಎಂದು ಬರೆದಿರುವ ಹಂತಗಳನ್ನು ಸೆಂಟಿಮೀಟರ್ ಎಂದುಕೊಳ್ಳಬೇಡಿ, ಅವು ಬರೀ ಗುರುತುಗಳು. ವಿದ್ಯುತ್ ಯಂತ್ರವಾದರೆ ಪ್ಲಗ್ ಕಿತ್ತು, ಬ್ಯಾಟರಿಯದಾದರೆ ಬ್ಯಾಟರಿ ತೆಗೆದು, ಪೆಟ್ರೋಲಿನದಾದರೆ ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿ, ಸಮತಟ್ಟಾದ ಸಿಮೆಂಟು ನೆಲದ ಮೇಲೆ ನಿಲ್ಲಿಸಿ. ನೆಲದಿಂದ ಬ್ಲೇಡಿನ ಅಲುಗಿನವರೆಗೆ ಅಡಿಕೋಲು ಹಿಡಿದು ಅಳೆಯಿರಿ. ಯಾವ ಹಂತಕ್ಕೆ ನಾಲ್ಕು ಸೆಂಟಿಮೀಟರ್ ಬರುತ್ತದೋ ಅಲ್ಲೊಂದು ಬಣ್ಣದ ಚುಕ್ಕೆ ಇಟ್ಟುಬಿಡಿ. ಹುಲ್ಲುಹಾಸಿನಲ್ಲಿ ಉಬ್ಬುತಗ್ಗು ಇದ್ದರೆ ತಗ್ಗಿಗೆ ಚಕ್ರ ಇಳಿದಾಗ ಪಕ್ಕದ ಉಬ್ಬು ಬೋಳಾಗುತ್ತದೆ. ಅಂಥ ಕಡೆ ಅರ್ಧ ಸೆಂಟಿಮೀಟರ್ ಹೆಚ್ಚೇ ಇರಲಿ.

ಇನ್ನು ಬೆಳ್ಳಗಾಗುವ ತುದಿಗಳು. ಇದಕ್ಕೆ ಕಾರಣ ರೋಗವೂ ಅಲ್ಲ, ಬಾಯಾರಿಕೆಯೂ ಅಲ್ಲ. ಕತ್ತರಿಸಿದ ಮರುದಿನ ಒಂದು ಎಲೆ ಕಿತ್ತು ಭೂತಗನ್ನಡಿಯಲ್ಲಿ ನೋಡಿ. ಹರಿತವಾದ ಬ್ಲೇಡು ಕತ್ತರಿಸಿದ ಎಲೆಯ ತುದಿ ಕತ್ತರಿಯಲ್ಲಿ ಕತ್ತರಿಸಿದ ಕಾಗದದಂತೆ ನೇರವಾಗಿರುತ್ತದೆ. ನಿಮ್ಮದು ಹರಿದ ಗೋಣಿಚೀಲದ ಅಂಚಿನಂತೆ ಇರುತ್ತದೆ: ನಾರುಗಳು ಎದ್ದುನಿಂತು, ಒಂದೆರಡು ಮಿಲಿಮೀಟರ್ ಉದ್ದಕ್ಕೆ ಜಜ್ಜಿಹೋಗಿ. ಮೊಂಡಾದ ಬ್ಲೇಡು ಎಲೆಯನ್ನು ಕತ್ತರಿಸುವುದಿಲ್ಲ, ಬಡಿದು ಹರಿಯುತ್ತದೆ. ಜಜ್ಜಿದ ಭಾಗ ಒಣಗಿ ಬೆಳ್ಳಗಾಗುತ್ತದೆ. ಸಾವಿರಾರು ತುದಿಗಳು ಒಟ್ಟಿಗೆ ಬೆಳ್ಳಗಾದಾಗ ಇಡೀ ಹುಲ್ಲುಹಾಸಿಗೆ ಬೂದಿ ಬಳಿದಂತೆ ಕಾಣುತ್ತದೆ. ಆ ಹರಿದ ಗಾಯದಿಂದ ನೀರು ಹೆಚ್ಚು ಸೋರುತ್ತದೆ, ಶಿಲೀಂಧ್ರಕ್ಕೂ ಬಾಗಿಲು ತೆರೆದಂತಾಗುತ್ತದೆ.

ಎಡ್ವಿನ್ ಬಡ್ಡಿಂಗ್ ಎಂಬ ಇಂಗ್ಲೆಂಡಿನ ಯಂತ್ರಕುಶಲಿ 1830ರಲ್ಲಿ ಮೊದಲ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಬಟ್ಟೆ ಗಿರಣಿಯ ಯಂತ್ರವನ್ನು ನೋಡಿ. ಉಣ್ಣೆ ಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಸುರುಳಿ ಬ್ಲೇಡಿನಿಂದ ಸವರಿ ನುಣುಪು ಮಾಡುವ ಯಂತ್ರ ಅದು. ಕೈಯಿಂದ ತಳ್ಳುವ ಸುರುಳಿ ಬ್ಲೇಡಿನ ಯಂತ್ರಗಳು ಇಂದಿಗೂ ಅದೇ ಕ್ರಮದಲ್ಲಿ, ಕತ್ತರಿಯ ಎರಡು ಅಲುಗುಗಳ ನಡುವೆ ಸಿಕ್ಕಿಸಿದಂತೆ ಕತ್ತರಿಸುತ್ತವೆ. 540 ಚದರ ಅಡಿಗೆ ನನ್ನನ್ನು ಕೇಳಿದರೆ ನಾನು ಅದನ್ನೇ ಕೊಳ್ಳುತ್ತಿದ್ದೆ. ಸದ್ದಿಲ್ಲ, ಹೊಗೆಯಿಲ್ಲ, ಗಾಯ ನುಣುಪು. ಆದರೆ ಅದಕ್ಕೆ ನಿಮ್ಮ ಮೂರು ವಾರದ ಹುಲ್ಲು ಬಗ್ಗುವುದಿಲ್ಲ; ನಿಯಮಿತವಾಗಿ ಕತ್ತರಿಸುವವರಿಗೆ ಮಾತ್ರ ಅದು ಹೇಳಿಮಾಡಿಸಿದ್ದು.

ತಿರುಗುವ ಒಂದೇ ಬ್ಲೇಡಿನ ಯಂತ್ರವಾದರೆ ಸುಮಾರು 20ರಿಂದ 25 ಗಂಟೆ ಓಡಿದ ಮೇಲೆ ಸಾಣೆ ಹಿಡಿಸಬೇಕು. ಕಲ್ಲಿಗೆ ತಗುಲಿದ್ದರೆ ಅದಕ್ಕೂ ಮೊದಲೇ. ಮನೆಯಲ್ಲೇ ಮಾಡುವುದಾದರೆ ಬ್ಲೇಡನ್ನು ಬಿಚ್ಚುವ ಮೊದಲು ಯಾವ ಮುಖ ಕೆಳಗಿತ್ತು ಎಂದು ಗುರುತು ಹಾಕಿಕೊಳ್ಳಿ, ಮರಳಿ ಕೂರಿಸುವಾಗ ಅರ್ಧ ಜನ ತಲೆಕೆಳಗಾಗಿ ಹಾಕುತ್ತಾರೆ. ಹಳೆಯ ಇಳಿಜಾರಿನ ಕೋನವನ್ನೇ ಅನುಸರಿಸಿ ಅರದಿಂದ ಉಜ್ಜಿ. ಎರಡು ತುದಿಗೂ ಒಂದೇ ಸಂಖ್ಯೆಯ ಉಜ್ಜು. ಕ್ಷೌರದ ಕತ್ತಿಯಷ್ಟು ತೆಳ್ಳಗೆ ಮಾಡಬೇಡಿ, ಮೊದಲ ಕಡ್ಡಿಗೇ ಮಡಚಿಕೊಳ್ಳುತ್ತದೆ. ಕೊನೆಗೆ ಗೋಡೆಯ ಮೊಳೆಗೆ ನಡುತೂತಿನಿಂದ ನೇತುಹಾಕಿ ನೋಡಿ. ಯಾವ ತುದಿ ಕೆಳಗೆ ವಾಲುತ್ತದೋ ಅದನ್ನು ಇನ್ನಷ್ಟು ಉಜ್ಜಬೇಕು. ತೂಕ ಸಮವಿಲ್ಲದ ಬ್ಲೇಡು ಯಂತ್ರವನ್ನು ನಡುಗಿಸಿ ಬೇರಿಂಗ್ ಹಾಳುಮಾಡುತ್ತದೆ.

ಯಾವ ಹೊತ್ತಿನಲ್ಲಿ ಕತ್ತರಿಸಬೇಕು? ಬಿಸಿಲು ಇಳಿದ ಮೇಲೆ, ಎಲೆ ಒಣಗಿರುವಾಗ. ಒದ್ದೆ ಹುಲ್ಲು ಮುದ್ದೆಗಟ್ಟುತ್ತದೆ, ಕಾಲು ಜಾರುತ್ತದೆ, ವಿದ್ಯುತ್ ತಂತಿ ಇದ್ದರಂತೂ ಅಪಾಯ. ನಡುಹಗಲಿನಲ್ಲಿ ಬಾಡಿರುವ ಹುಲ್ಲಿನ ಮೇಲೆ ಯಂತ್ರ ಓಡಿಸಿದರೆ ಚಕ್ರ ಹೋದ ದಾರಿಯೆಲ್ಲ ಕಂದು ಗೆರೆಯಾಗುತ್ತದೆ. ಪ್ರತಿ ಸಲ ದಿಕ್ಕು ಬದಲಿಸಿ. ಈ ವಾರ ಉದ್ದಕ್ಕೆ, ಮುಂದಿನ ವಾರ ಅಡ್ಡಕ್ಕೆ. ಮೊದಲು ಕಲ್ಲು, ಕಡ್ಡಿ ಆಯ್ದುಬಿಡಿ. ಬೆರಳು ಮುಚ್ಚುವ ಬೂಟು ಹಾಕಿಕೊಳ್ಳಿ, ಚಪ್ಪಲಿಯಲ್ಲಿ ಬೇಡ. ಮಕ್ಕಳು ಒಳಗಿರಲಿ.

ಕತ್ತರಿಸಿದ ಹುಲ್ಲಿನ ವಿಷಯದಲ್ಲಿ ನಿಮ್ಮ ಮಾವನವರ ಮಾತೇ ಸರಿ. ಆ ತುಣುಕುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಮೂರನೇ ಒಂದು ಭಾಗದ ನಿಯಮದಂತೆ ಕತ್ತರಿಸಿದರೆ ತುಣುಕುಗಳು ಸಣ್ಣದಾಗಿ ಎಲೆಗಳ ನಡುವೆ ಇಳಿದುಹೋಗುತ್ತವೆ, ಬೇಗನೆ ಕೊಳೆಯುತ್ತವೆ, ಹುಲ್ಲಿಗೆ ವರ್ಷಕ್ಕೆ ಬೇಕಾಗುವ ಸಾರಜನಕದ ಕಾಲು ಭಾಗದಷ್ಟನ್ನು ಮರಳಿ ಕೊಡುತ್ತವೆ. ಅದರಿಂದ ಬುಡದಲ್ಲಿ ದಪ್ಪ ಪದರ ಕಟ್ಟುತ್ತದೆ ಎಂದು ಹೆದರಿಸುವವರಿದ್ದಾರೆ. ಆ ಪದರ ಕಟ್ಟುವುದು ಸುಲಭವಾಗಿ ಕೊಳೆಯದ ಕಾಂಡ, ಬೇರುಗಳ ನಾರಿನಿಂದ, ಎಲೆಯ ತುಣುಕಿನಿಂದಲ್ಲ. ಸಲಿಕೆಯಲ್ಲಿ ತೆಗೆದ ತುಂಡಿನಲ್ಲಿ ಹಸಿರಿಗೂ ಮಣ್ಣಿಗೂ ನಡುವೆ ಆ ಕಂದು ನಾರಿನ ಪದರ ಒಂದು ಸೆಂಟಿಮೀಟರಿಗಿಂತ ದಪ್ಪವಿದ್ದರೆ ಮಾತ್ರ ಬಾಚಿ ತೆಗೆಯುವ ಯೋಚನೆ ಮಾಡಿ. ನಿಮಗೆ ಅದು ಕಸದಂತೆ ಕಂಡದ್ದಕ್ಕೆ ಕಾರಣವಿದೆ. ಮೂರು ವಾರದ ನಾಲ್ಕು ಸೆಂಟಿಮೀಟರ್ ಉದ್ದದ ತುಣುಕು ಮೇಲೆಯೇ ಕೂತು ಹುಲ್ಲಿನ ಉಸಿರು ಕಟ್ಟಿಸುತ್ತದೆ. ಅಷ್ಟು ಉದ್ದದ್ದನ್ನು ಗುಡಿಸಲೇಬೇಕು. ಹಾಗೆ ನೋಡಿದರೆ ನೀವಿಬ್ಬರೂ ಬೇರೆ ಬೇರೆ ಹುಲ್ಲಿನ ಬಗ್ಗೆ ವಾದ ಮಾಡುತ್ತಿದ್ದೀರಿ.

ನೀರಿಗೆ ಬರೋಣ. 540 ಚದರ ಅಡಿ ಎಂದರೆ 50 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಲೀಟರ್ ನೀರು ಹರಡಿದರೆ ಒಂದು ಮಿಲಿಮೀಟರ್ ಮಳೆ ಬಂದಂತೆ. ಪೈಪನ್ನು ಬಕೆಟ್ಟಿಗೆ ಬಿಟ್ಟು ಗಡಿಯಾರ ನೋಡಿ. 15 ಲೀಟರಿನ ಬಕೆಟ್ ಒಂದು ನಿಮಿಷಕ್ಕೆ ತುಂಬಿತು ಎನ್ನೋಣ, ಮನೆಯ ಪೈಪಿನಲ್ಲಿ ಸಾಮಾನ್ಯವಾಗಿ ಅಷ್ಟೇ ಬರುತ್ತದೆ. ಹತ್ತು ನಿಮಿಷಕ್ಕೆ 150 ಲೀಟರ್. 50 ಚದರ ಮೀಟರಿಗೆ ಹಂಚಿದರೆ ಮೂರು ಮಿಲಿಮೀಟರ್. ಮೂರು ಮಿಲಿಮೀಟರ್ ನೀರು ಸಾಧಾರಣ ಮಣ್ಣನ್ನು ಎರಡು ಸೆಂಟಿಮೀಟರ್ ಆಳದವರೆಗೆ ತೋಯಿಸುತ್ತದೆ, ಅಷ್ಟೇ. ನೀರಿದ್ದಲ್ಲಿ ಬೇರು ಇರುತ್ತದೆ. ಬೇರು ಅಲ್ಲೇ ಏಕೆ ನಿಂತಿದೆ ಎಂಬುದಕ್ಕೆ ಎರಡನೇ ಕಾರಣ ಇಲ್ಲಿದೆ.

ತಮಾಷೆಯ ಸಂಗತಿ ಏನೆಂದರೆ ನೀವು ನೀರನ್ನು ಕಡಿಮೆ ಬಿಡುತ್ತಿಲ್ಲ. ವಾರಕ್ಕೆ 1,050 ಲೀಟರ್, ಅಂದರೆ 21 ಮಿಲಿಮೀಟರ್. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ಸಾಕು, ಬಿಸಿಗಾಳಿ ಬೀಸುವ ದಿನಗಳಲ್ಲಿ ಇನ್ನೂ ಹತ್ತು ಹೆಚ್ಚು. ಹೆಚ್ಚುಕಡಿಮೆ ಬೇಕಾದಷ್ಟೇ ನೀರನ್ನು ಏಳು ತುಣುಕು ಮಾಡಿ ಕೊಡುತ್ತಿದ್ದೀರಿ, ಪ್ರತಿ ತುಣುಕಿನ ದೊಡ್ಡ ಪಾಲು ಬೇರಿಗೆ ತಲುಪುವ ಮೊದಲೇ ಆವಿಯಾಗುತ್ತಿದೆ. ಅದೇ 25 ಮಿಲಿಮೀಟರನ್ನು ವಾರದಲ್ಲಿ ಎರಡು ಸಲ ಕೊಟ್ಟರೆ ಪ್ರತಿ ಸಲ ಏಳೆಂಟು ಸೆಂಟಿಮೀಟರ್ ತೋಯುತ್ತದೆ. ಒಮ್ಮೆಗೇ ಕೊಟ್ಟರೆ ಸುಮಾರು ಹದಿನೈದು.

ಆದರೆ ನಾಳೆಯಿಂದಲೇ ವಾರಕ್ಕೆ ಎರಡು ಸಲ ಎಂದು ಬದಲಾಯಿಸಿದರೆ ಈಗಿರುವ ಗಿಡ್ಡ ಬೇರುಗಳು ಸಾಯುತ್ತವೆ. ಬೇರನ್ನು ಮೆಲ್ಲಗೆ ಕೆಳಗೆ ಕರೆದೊಯ್ಯಬೇಕು. ಮೊದಲ ಹತ್ತು ದಿನ ದಿನ ಬಿಟ್ಟು ದಿನ ಆರೇಳು ಮಿಲಿಮೀಟರ್. ಮುಂದಿನ ಹತ್ತು ದಿನ ಮೂರು ದಿನಕ್ಕೊಮ್ಮೆ ಹತ್ತು ಮಿಲಿಮೀಟರ್. ಆಮೇಲೆ ವಾರಕ್ಕೆರಡು ಸಲ ಹನ್ನೆರಡು ಮಿಲಿಮೀಟರ್. ಹನ್ನೆರಡು ಮಿಲಿಮೀಟರ್ ಎಂದರೆ 600 ಲೀಟರ್, ನಿಮ್ಮ ಪೈಪಿಗೆ ನಲವತ್ತು ನಿಮಿಷ. ಅಷ್ಟು ಹೊತ್ತು ಪೈಪು ಹಿಡಿದು ಸಮವಾಗಿ ಹಾಯಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ, ಕೈ ಸಹಜವಾಗಿ ಹತ್ತಿರದ ಜಾಗಕ್ಕೇ ವಾಲುತ್ತದೆ. ಒಂದು ಸ್ಪ್ರಿಂಕ್ಲರ್ ತನ್ನಿ. ಅದು ಬೀಳುವ ಕಡೆ ಐದಾರು ನೆಟ್ಟಗಿನ ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟು ಹದಿನೈದು ನಿಮಿಷ ಬಿಟ್ಟು ಒಳಗೆ ನಿಂತ ನೀರನ್ನು ಅಳೆದರೆ ಎಷ್ಟು ಹೊತ್ತು ಬಿಡಬೇಕು, ಯಾವ ಮೂಲೆಗೆ ನೀರೇ ಹೋಗುತ್ತಿಲ್ಲ ಎರಡೂ ತಿಳಿಯುತ್ತದೆ. ಜಿಗುಟು ಮಣ್ಣಾದರೆ ನೀರು ಇಂಗದೆ ಹರಿದುಹೋಗುತ್ತದೆ. ಹರಿಯಲು ಶುರುವಾದೊಡನೆ ನಿಲ್ಲಿಸಿ, ಅರ್ಧ ಗಂಟೆ ಇಂಗಲು ಬಿಟ್ಟು ಮತ್ತೆ ಬಿಡಿ. ಮರಳು ಮಣ್ಣು ನೀರನ್ನು ಹಿಡಿದಿಡುವುದಿಲ್ಲ, ಅದಕ್ಕೆ ಕಡಿಮೆ ಪ್ರಮಾಣ, ವಾರಕ್ಕೆ ಮೂರು ಸಲ.

ನೀರು ಎಲ್ಲಿಯವರೆಗೆ ಹೋಯಿತು ಎಂದು ತಿಳಿಯಲು ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ತೊಯ್ದ ಮಣ್ಣಿನಲ್ಲಿ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ತಡೆಯುತ್ತದೆ. ತೊಯ್ದ ಮೇಲೂ ಎರಡು ಇಂಚಿಗೇ ನಿಂತರೆ ನೆಲ ತುಳಿತದಿಂದ ಗಟ್ಟಿಯಾಗಿದೆ ಎಂದರ್ಥ. ತೋಟದ ಮುಳ್ಳುಗೋಲಿನಿಂದ ಅಂಗೈಯಗಲಕ್ಕೊಂದರಂತೆ ಎಂಟು ಹತ್ತು ಸೆಂಟಿಮೀಟರ್ ಆಳದ ರಂಧ್ರ ಮಾಡಿ. ಹುಲ್ಲು ಸುಧಾರಿಸಿಕೊಂಡ ಮೇಲೆ, ಈಗಲ್ಲ.

ಸಂಜೆಯ ನೀರನ್ನು ನಿಲ್ಲಿಸಿ. ಎಲೆ ರಾತ್ರಿಯಿಡೀ ಒದ್ದೆಯಿದ್ದರೆ ಬೆಚ್ಚಗಿನ ರಾತ್ರಿಗಳಲ್ಲಿ ಶಿಲೀಂಧ್ರಕ್ಕೆ ಹಬ್ಬ. ಬೆಳಗಿನ ಜಾವ, ಸೂರ್ಯ ಏರುವ ಮೊದಲು ಕೊಡಿ. ಗಾಳಿ ಇರುವುದಿಲ್ಲ, ನೀರು ಇಂಗುತ್ತದೆ, ಎಲೆ ಬೇಗ ಒಣಗುತ್ತದೆ. ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಂತೆ ಎಲೆಯನ್ನು ಸುಡುತ್ತವೆ ಎಂಬ ಮಾತು ನಂಬಬೇಡಿ. ಹುಲ್ಲಿನ ನುಣುಪು ಎಲೆಯ ಮೇಲೆ ಹಾಗಾಗುವುದಿಲ್ಲ. ಮಧ್ಯಾಹ್ನ ಬೇಡ ಎನ್ನುವುದು ಹೆಚ್ಚು ನೀರು ಗಾಳಿಗೆ ಹೋಗುತ್ತದೆ ಎಂಬ ಕಾರಣಕ್ಕೆ.

ಯಾವಾಗ ಕೊಡಬೇಕು ಎಂದು ಹುಲ್ಲೇ ಹೇಳುತ್ತದೆ. ಸಂಜೆ ಅದರ ಮೇಲೆ ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿ. ತುಳಿದ ಹುಲ್ಲು ಕೂಡಲೇ ಎದ್ದುನಿಂತರೆ ಅದಕ್ಕೆ ಇನ್ನೂ ನೀರಿದೆ. ಕೆಲವು ನಿಮಿಷವಾದರೂ ಹೆಜ್ಜೆ ಗುರುತು ಹಾಗೆಯೇ ಉಳಿದು, ಬಣ್ಣ ಹಸಿರಿನಿಂದ ನೀಲಿ ಬೂದಿಗೆ ತಿರುಗಿ, ಎಲೆ ಉದ್ದಕ್ಕೆ ಮಡಚಿಕೊಂಡಿದ್ದರೆ ಮರುದಿನ ಬೆಳಗ್ಗೆ ಕೊಡಿ. ಈ ಗುರುತು ಕಾಣಿಸುವವರೆಗೆ ಕಾಯುವುದರಲ್ಲಿ ತಪ್ಪಿಲ್ಲ. ಸ್ವಲ್ಪ ಬಾಯಾರಿದ ಹುಲ್ಲೇ ಬೇರನ್ನು ಕೆಳಕ್ಕೆ ಇಳಿಸುವುದು.

ಯೂರಿಯಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಸಾರಜನಕ 46 ಶೇಕಡ. ಎರಡು ಕಿಲೊ ಯೂರಿಯಾ 50 ಚದರ ಮೀಟರಿಗೆ ಎಂದರೆ ಚದರ ಮೀಟರಿಗೆ 18 ಗ್ರಾಂ ಸಾರಜನಕ. ಒಮ್ಮೆಗೆ ಐದು ಗ್ರಾಂ ಮೀರಬಾರದು. ಉಪ್ಪು ಹಾಕಿದ ಸೌತೆಕಾಯಿ ನೀರು ಬಿಡುವಂತೆ ಗೊಬ್ಬರದ ಲವಣ ಎಲೆಯಿಂದಲೂ ಬೇರಿನಿಂದಲೂ ನೀರನ್ನು ಹೊರಗೆಳೆಯುತ್ತದೆ, ಸುಟ್ಟಂತೆ ಕಾಣುವುದು ಅದೇ. ಬದುಕುಳಿದ ಹುಲ್ಲಿಗಾದರೂ ಲಾಭವಾಗಿಲ್ಲ. ಸಾರಜನಕ ಎಲೆಯನ್ನು ಓಡಿಸುತ್ತದೆ, ಬೇರು ಹಿಂದೆ ಉಳಿಯುತ್ತದೆ. ಇನ್ನು ಆರು ವಾರ ಏನೂ ಹಾಕಬೇಡಿ. ಆಮೇಲೆ ಹುಲ್ಲು ಚುರುಕಾಗಿ ಬೆಳೆಯುತ್ತಿದ್ದರೆ ಮಾತ್ರ ಇಡೀ ಅಂಗಳಕ್ಕೆ ಸೇರಿ 275 ಗ್ರಾಂ ಯೂರಿಯಾ, ಬಕೆಟ್ ಒಣ ಮರಳಿನಲ್ಲಿ ಬೆರೆಸಿ, ಅರ್ಧವನ್ನು ಉದ್ದಕ್ಕೆ ಅರ್ಧವನ್ನು ಅಡ್ಡಕ್ಕೆ ಎರಚಿ, ಎಲೆ ಒಣಗಿರುವಾಗ. ಎರಚಿದ ಕೂಡಲೇ ನೀರು ಬಿಡಿ. ತಂಪು ಹವೆಯ ಹುಲ್ಲಿನವರು ಬೇಸಿಗೆಯಲ್ಲಿ ಯೂರಿಯಾ ಚೀಲದ ಬಾಯಿಯನ್ನೇ ಬಿಚ್ಚಬಾರದು.

ಸುಟ್ಟ ಜಾಗಗಳು ಸತ್ತಿವೆಯೋ ಮಲಗಿವೆಯೋ ನೋಡಬೇಕು. ಒಂದು ಹಿಡಿ ಹುಲ್ಲು ಹಿಡಿದು ಎಳೆಯಿರಿ. ಗಟ್ಟಿಯಾಗಿ ಹಿಡಿದುಕೊಂಡು, ಬುಡದ ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಬಿಳಿಯಾಗಿ ಬಿಗಿಯಾಗಿದ್ದರೆ ಅದಕ್ಕೆ ಜೀವವಿದೆ. ಒಳಗೂ ಕಂದಾಗಿ ಪುಡಿಯಾದರೆ ಸತ್ತಿದೆ. ಎಳೆದಾಗ ಬೇರೇ ಇಲ್ಲದೆ ಜಮಖಾನೆ ಎತ್ತಿದಂತೆ ಎದ್ದುಬಂದರೆ ಕಥೆ ಬೇರೆ: ಕೆಳಗೆ ಇಂಗ್ಲಿಷಿನ ಸಿ ಅಕ್ಷರದಂತೆ ಮುದುಡಿ ಮಲಗಿದ ಬಿಳಿಯ ಗೊಣ್ಣೆ ಹುಳುಗಳನ್ನು ಹುಡುಕಿ. ಒಂದಡಿ ಚೌಕದಲ್ಲಿ ಒಂದೆರಡು ಸಿಕ್ಕರೆ ಗಾಬರಿ ಬೇಡ, ಹಿಡಿತುಂಬ ಸಿಕ್ಕರೆ ಮದ್ದು ಮಾಡಬೇಕು. ನಾಯಿ ಸಾಕಿದ್ದರೆ ಗುಂಡಗಿನ ಕಂದು ಮಚ್ಚೆ, ಅದರ ಸುತ್ತ ದಟ್ಟ ಹಸಿರಿನ ಬಳೆ ಕಾಣುತ್ತದೆ. ನಾಯಿಯ ಮೂತ್ರದಲ್ಲಿರುವುದೂ ಯೂರಿಯಾವೇ.

ಸತ್ತ ಜಾಗವನ್ನು ಕೆದಕಿ ಒಣನಾರು ತೆಗೆದು, ಚೆನ್ನಾಗಿರುವ ಮೂಲೆಯಿಂದ ಎರಡು ಬೆರಳಗಲದ ಹೆಂಟೆಗಳನ್ನು ಬೇರುಸಹಿತ ತೆಗೆದು ಗೇಣಿಗೊಂದರಂತೆ ನೆಡಿ. ಈ ಹುಲ್ಲು ಬಳ್ಳಿಯಂತೆ ಹಬ್ಬುವುದರಿಂದ ನಡುವಿನ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಹೊಸ ಹೆಂಟೆಗಳಿಗೆ ಮಾತ್ರ ಎರಡು ವಾರ ದಿನವೂ ನೀರು ಬೇಕು. ಅವಕ್ಕೆ ಚೊಂಬಿನಲ್ಲಿ ಹಾಕಿ, ಇಡೀ ಅಂಗಳಕ್ಕಲ್ಲ. ತೆರವಾದ ಕಡೆ ಜೇಕು ತಲೆಯೆತ್ತಬಹುದು. ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿದರೆ ಮೂರು ಮೂಲೆ ತಗುಲುತ್ತದೆ, ಹುಲ್ಲಿನಂತೆ ಗುಂಡಗಿರುವುದಿಲ್ಲ. ಎಳೆಯದಿದ್ದಾಗಲೇ, ಮತ್ತೆ ಮತ್ತೆ ಕೀಳಬೇಕು; ನೆಲದೊಳಗಿನ ಗೆಡ್ಡೆ ಸೋತು ಸುಮ್ಮನಾಗುವವರೆಗೆ ಬೇರೆ ದಾರಿಯಿಲ್ಲ.

ನೀರಿಗೇ ತತ್ವಾರ ಬಂತು ಎನ್ನಿ. ಆಗ ಹುಲ್ಲನ್ನು ಮಲಗಲು ಬಿಡಿ. ಎಲೆ ಕಂದಾಗುತ್ತದೆ, ಬುಡದ ಗಂಟು ವಾರಗಟ್ಟಲೆ ಬದುಕಿರುತ್ತದೆ. ಎರಡು ಮೂರು ವಾರಕ್ಕೊಮ್ಮೆ 12 ಮಿಲಿಮೀಟರ್ ಕೊಟ್ಟರೆ ಗಂಟು ಒಣಗುವುದಿಲ್ಲ. ಆ ಅವಧಿಯಲ್ಲಿ ಕತ್ತರಿಸುವುದು, ಗೊಬ್ಬರ ಹಾಕುವುದು, ಮೇಲೆ ಓಡಾಡುವುದು ಯಾವುದೂ ಬೇಡ. ಮಾಡಬಾರದ್ದು ಒಂದೇ: ಒಂದು ವಾರ ನೀರು ಕೊಟ್ಟು ಎಬ್ಬಿಸಿ, ಮುಂದಿನ ವಾರ ಬಿಟ್ಟು ಮಲಗಿಸಿ, ಮತ್ತೆ ಎಬ್ಬಿಸುವುದು. ಪ್ರತಿ ಸಲ ಎದ್ದಾಗಲೂ ಅದು ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ.

ಸಲಿಕೆಯಿಂದ ತೆಗೆದ ಆ ತುಂಡನ್ನು ಅದೇ ಗುಂಡಿಗೆ ಕೂರಿಸಿ ಕಾಲಿನಿಂದ ಒತ್ತಿ ನೀರು ಹಾಕಿಬಿಡಿ, ಹತ್ತಿಕೊಳ್ಳುತ್ತದೆ. ಬೇರು ಎಷ್ಟು ಸೆಂಟಿಮೀಟರ್ ಇತ್ತು ಎಂದು ಬರೆದಿಟ್ಟುಕೊಳ್ಳಿ. ಎರಡು ತಿಂಗಳ ನಂತರ ಅದರ ಪಕ್ಕದಲ್ಲೇ ಇನ್ನೊಂದು ತುಂಡು ತೆಗೆದು ಅಳೆದು ನನಗೆ ತಿಳಿಸಿ.